ಕೋಕೋ ಕಾಡಿನ ಪಟ್ಟಿ: ಘಾನಾ, ಐವರಿ ಕೋಸ್ಟ್ ಮತ್ತು ಚಾಕೊಲೇಟಿನ ಬೆಲೆ

2024ರ ಬೇಸಿಗೆಯಲ್ಲಿ ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು ತೋಟದ ನಡುವೆ ಇದ್ದೂ ಇಲ್ಲದಂತಿದ್ದ ಕೋಕೋ ಗಿಡಗಳತ್ತ ಮತ್ತೆ ತಿರುಗಿ ನೋಡುವಂತಾಯಿತು. ಅಳಿಲು, ಮಂಗಗಳ ಪಾಲಾಗುತ್ತಿದ್ದ ಆ ಉಪಬೆಳೆಯ ಒಣ ಬೀಜಕ್ಕೆ ಕಿಲೋಗೆ ಸಾವಿರ ರೂಪಾಯಿಯ ಆಸುಪಾಸಿನ ಬೆಲೆ ಬಂದಿತ್ತು. ನ್ಯೂಯಾರ್ಕಿನ ವಾಯಿದಾ ಮಾರುಕಟ್ಟೆಯಲ್ಲಿ 2022ರಲ್ಲಿ ಟನ್ನಿಗೆ ಸುಮಾರು 2,500 ಡಾಲರ್ ಇದ್ದ ಕೋಕೋ, 2024ರ ಮಾರ್ಚ್ ಕೊನೆಗೆ 10,000 ಡಾಲರ್ ದಾಟಿ, ಅದೇ ವರ್ಷದ ಡಿಸೆಂಬರಿನಲ್ಲಿ 12,000ವನ್ನೂ ಮೀರಿತು. 2025ರಲ್ಲಿ ಅದು ಇಳಿಯುತ್ತ ಬಂದು ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ಅಂಗಡಿಯಲ್ಲಿ ಚಾಕೊಲೇಟಿನ ಪೊಟ್ಟಣ ಸಣ್ಣದಾದದ್ದನ್ನೂ ಬೆಲೆ ದೊಡ್ಡದಾದದ್ದನ್ನೂ ಮಕ್ಕಳಿರುವ ಮನೆಯವರೆಲ್ಲ ಗಮನಿಸಿದ್ದಾರು.

ಈ ಏರಿಳಿತದ ಮೂಲ ಇದ್ದದ್ದು ಪಶ್ಚಿಮ ಆಫ್ರಿಕಾದ ಎರಡು ನೆರೆಯ ದೇಶಗಳಲ್ಲಿ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಐವರಿ ಕೋಸ್ಟ್ ಮತ್ತು ಘಾನಾದಿಂದ. ಐವರಿ ಕೋಸ್ಟ್ ಒಂದರದೇ ಸುಮಾರು ಐದರಲ್ಲಿ ಎರಡು ಪಾಲು. ಭಾರತದ ಪಾಲು ಶೇಕಡಾ ಒಂದಕ್ಕಿಂತಲೂ ಕಡಿಮೆ. ಇಷ್ಟು ದೊಡ್ಡ ವ್ಯಾಪಾರವೊಂದು ಅಷ್ಟು ಕಿರಿದಾದ ನೆಲವನ್ನೇ ನೆಚ್ಚಿಕೊಂಡದ್ದು ಏಕೆ, ಆ ನೆಲ ಒಮ್ಮೆಲೇ ಕೈಕೊಟ್ಟದ್ದು ಏಕೆ ಎಂಬುದನ್ನು ತಿಳಿಯಬೇಕಾದರೆ ಅಲ್ಲಿಯ ಮಳೆ, ಕಾಡು, ಭೂಮಿಯ ಹಕ್ಕು ಮತ್ತು ಬೆಲೆ ಕಟ್ಟುವ ಪದ್ಧತಿ ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಕರಾವಳಿಗೆ ಸಮಾನಾಂತರವಾಗಿ ಹಬ್ಬಿದ ನಾಡು

ಆಫ್ರಿಕಾದ ಭೂಪಟದಲ್ಲಿ ಪಶ್ಚಿಮದ ದೊಡ್ಡ ಉಬ್ಬಿನ ಕೆಳಗೆ ಕರಾವಳಿ ಪಶ್ಚಿಮದಿಂದ ಪೂರ್ವಕ್ಕೆ ಬಹುತೇಕ ನೇರವಾಗಿ ಸಾಗುತ್ತದೆ. ಅದರ ದಕ್ಷಿಣಕ್ಕಿರುವ ಸಮುದ್ರವೇ ಗಿನಿ ಕೊಲ್ಲಿ. ಸಮಭಾಜಕ ವೃತ್ತವೂ ಸೊನ್ನೆ ರೇಖಾಂಶವೂ ಸಂಧಿಸುವುದು ಇದೇ ಕೊಲ್ಲಿಯ ನೀರಿನಲ್ಲಿ. ಕರಾವಳಿಯಿಂದ ಉತ್ತರಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತ ಹೋಗುವುದರಿಂದ ನಾಡು ಅಡ್ಡಡ್ಡ ಪಟ್ಟಿಗಳಾಗಿ ಹಂಚಿಹೋಗಿದೆ. ಮೊದಲು ದಟ್ಟ ಮಳೆಕಾಡು, ಆಮೇಲೆ ಅಲ್ಲೊಂದು ಇಲ್ಲೊಂದು ಮರ ನಿಂತ ಸವನ್ನಾ ಹುಲ್ಲುಗಾವಲು, ಅದರಾಚೆ ಜೋಳ-ಸಜ್ಜೆಯಷ್ಟೇ ಬೆಳೆಯುವ ಸಾಹೇಲ್ ಎಂಬ ಅರೆಮರುಭೂಮಿ, ಕೊನೆಗೆ ಸಹಾರಾ. ಕೋಕೋಗೆ ಒಗ್ಗುವುದು ಮೊದಲನೆಯ ಪಟ್ಟಿ ಮಾತ್ರ.

ಕರ್ನಾಟಕದಲ್ಲಿ ಮೋಡಗಳನ್ನು ತಡೆದು ನಿಲ್ಲಿಸಲು ಪಶ್ಚಿಮಘಟ್ಟವಿದೆ. ಘಟ್ಟ ಇಳಿದರೆ ಒಂದು ಬಗೆಯ ನಾಡು, ಏರಿದರೆ ಇನ್ನೊಂದು ಬಗೆಯದು. ಗಿನಿ ಕೊಲ್ಲಿಯ ಈ ಭಾಗದಲ್ಲಿ ಅಂಥ ಗೋಡೆಯೇ ಇಲ್ಲ. ಘಾನಾದ ಅತಿ ಎತ್ತರದ ಬೆಟ್ಟವೂ 900 ಮೀಟರ್ ಮುಟ್ಟುವುದಿಲ್ಲ. ಹೀಗಾಗಿ ಇಲ್ಲಿ ಮಳೆಯನ್ನು ನಿರ್ಧರಿಸುವುದು ಎರಡು ಗಾಳಿಗಳ ಜಗ್ಗಾಟ. ಸಹಾರಾ ಕಾದು ಬಿಸಿಯಾದಾಗ ಅಟ್ಲಾಂಟಿಕ್ ಸಾಗರದ ತೇವದ ಗಾಳಿ ನೈಋತ್ಯದಿಂದ ಒಳನಾಡಿಗೆ ನುಗ್ಗುತ್ತದೆ. ಇದೂ ಒಂದು ಮುಂಗಾರೇ. ಮಳೆಯ ಪಟ್ಟಿ ಬೇಸಿಗೆಯಲ್ಲಿ ಉತ್ತರಕ್ಕೆ ಸರಿದು, ಆಗಸ್ಟಿನ ನಂತರ ದಕ್ಷಿಣಕ್ಕೆ ಮರಳುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕರಾವಳಿಯ ಕಾಡನ್ನು ದಾಟುವುದರಿಂದ ದಕ್ಷಿಣದಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ಒಂದು, ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಇನ್ನೊಂದು, ಹೀಗೆ ಎರಡು ಮಳೆಗಾಲ; ಉತ್ತರದ ಸವನ್ನಾಕ್ಕೆ ಒಂದೇ.

ಡಿಸೆಂಬರಿನ ಹೊತ್ತಿಗೆ ಗಾಳಿ ತಿರುಗುತ್ತದೆ. ಸಹಾರಾದ ಕಡೆಯಿಂದ ಬೀಸುವ ಒಣಗಾಳಿಗೆ ಅಲ್ಲಿ ಹಾರ್ಮಟ್ಟಾನ್ ಎನ್ನುತ್ತಾರೆ. ಅದು ತರುವ ಸಣ್ಣ ಧೂಳಿನಿಂದ ಹಗಲಿನ ಸೂರ್ಯನೂ ಮಬ್ಬಾಗುತ್ತಾನೆ, ತುಟಿ ಒಡೆಯುತ್ತದೆ, ಒಗೆದ ಬಟ್ಟೆ ಕ್ಷಣದಲ್ಲಿ ಒಣಗುತ್ತದೆ. ಹಾರ್ಮಟ್ಟಾನ್ ಹದವಾಗಿ ಬೀಸಿದರೆ ಕೋಕೋ ಬೆಳೆಗಾರನಿಗೆ ಅನುಕೂಲ: ಬೂಷ್ಟು ಹಿಡಿಯುವುದಿಲ್ಲ, ಬೀಜ ಚೆನ್ನಾಗಿ ಒಣಗುತ್ತದೆ. ಅತಿಯಾದರೆ ಎಳೆಗಾಯಿಗಳು ಕಾಂಡದ ಮೇಲೆಯೇ ಕಪ್ಪಗೆ ಮುರುಟಿಕೊಳ್ಳುತ್ತವೆ. ಅಂತರರಾಷ್ಟ್ರೀಯ ಮಾರುಕಟ್ಟೆಯ ವ್ಯಾಪಾರಿಗಳು ಜನವರಿಯಲ್ಲಿ ಈ ಗಾಳಿಯ ಸುದ್ದಿಗೆ ಕಿವಿಗೊಟ್ಟು ಕೂರುವುದು ಇದೇ ಕಾರಣಕ್ಕೆ.

ಕಾಡಿನ ಪಟ್ಟಿ ಎಲ್ಲೆಡೆಯೂ ಒಂದೇ ಅಗಲವಾಗಿಲ್ಲ. ಘಾನಾದ ನೈಋತ್ಯ ಮೂಲೆಯ ಆಕ್ಸಿಮ್ ಪಟ್ಟಣದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿದರೆ, ಅಲ್ಲಿಂದ 300 ಕಿಲೋಮೀಟರಿನೊಳಗೆ ಅದೇ ಕರಾವಳಿಯಲ್ಲಿರುವ ರಾಜಧಾನಿ ಅಕ್ರಾದಲ್ಲಿ ಬೀಳುವುದು 800 ಮಿಲಿಮೀಟರಿನ ಆಸುಪಾಸು, ಅಂದರೆ ಬೆಂಗಳೂರಿಗಿಂತಲೂ ಕಡಿಮೆ. ಅಕ್ರಾದಿಂದ ಟೋಗೊ, ಬೆನಿನ್‌ಗಳವರೆಗೆ ಸವನ್ನಾ ನೇರವಾಗಿ ಸಮುದ್ರಕ್ಕೇ ಬಂದು ತಾಗುತ್ತದೆ. ಕೋಕೋ ಬೆಳೆಯುವ ನೆಲ ಘಾನಾದ ನೈಋತ್ಯ ಭಾಗ ಮತ್ತು ಐವರಿ ಕೋಸ್ಟಿನ ದಕ್ಷಿಣ ಭಾಗಕ್ಕೆ ಸೀಮಿತವಾಗಿರುವುದರ ಮೊದಲ ಕಾರಣ ಇದು.

ಅಮೆಜಾನಿನ ಮರ, ಕಮ್ಮಾರ ತಂದ ಬೀಜ

ಕೋಕೋ ಆಫ್ರಿಕಾದ ಮರವಲ್ಲ. ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ಕಾಡು. ಸಮಭಾಜಕ ವೃತ್ತದ ಎರಡೂ ಬದಿಗೆ ಸುಮಾರು 20 ಡಿಗ್ರಿಯೊಳಗೆ, ವರ್ಷಕ್ಕೆ 1,500ರಿಂದ 2,000 ಮಿಲಿಮೀಟರ್ ಮಳೆಯಿದ್ದು ಒಣಗಾಲ ಬಹಳ ದಿನ ಎಳೆಯದಿರುವ ಕಡೆ, ದೊಡ್ಡ ಮರಗಳ ನೆರಳಿನಲ್ಲಿ ಅದು ಬೆಳೆಯುತ್ತದೆ. ಪೋರ್ಚುಗೀಸರ ಮತ್ತು ಸ್ಪೇನಿನವರ ಮೂಲಕ ಮೊದಲು ಗಿನಿ ಕೊಲ್ಲಿಯ ಸಾವೊ ತೋಮೆ, ಫರ್ನಾಂಡೊ ಪೊ ದ್ವೀಪಗಳಿಗೆ ಬಂತು. ಎರಡನೆಯ ದ್ವೀಪದ ಇಂದಿನ ಹೆಸರು ಬಿಯೊಕೊ.

ದ್ವೀಪದಿಂದ ಮುಖ್ಯಭೂಮಿಗೆ ಅದು ದಾಟಿದ ಕಥೆಯನ್ನು ಘಾನಾದ ಶಾಲಾಮಕ್ಕಳೆಲ್ಲ ಬಲ್ಲರು. ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರ ಕೆಲಸಕ್ಕಾಗಿ ಫರ್ನಾಂಡೊ ಪೊಗೆ ಹೋಗಿ, ಮರಳುವಾಗ ಕೋಕೋ ಬೀಜ ತಂದು, 1879ರಲ್ಲಿ ಅಕ್ರಾದ ಉತ್ತರಕ್ಕಿರುವ ಅಕುವಾಪೆಮ್ ಗುಡ್ಡಗಳ ಮಾಂಪಾಂಗ್ ಎಂಬಲ್ಲಿ ನೆಟ್ಟ. ಅವನಿಗಿಂತ ಮೊದಲೇ ಅದೇ ಗುಡ್ಡಗಳಲ್ಲಿ ಕೋಕೋ ಬೆಳೆಯಲು ಯತ್ನಿಸಿದವರು ಬಾಸೆಲ್ ಮಿಷನ್‌ನವರು. ಈ ಹೆಸರು ಕನ್ನಡಿಗರಿಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದು ಹಂಚಿನ ಕಾರ್ಖಾನೆ, ಮುದ್ರಣಾಲಯಗಳನ್ನು ನಡೆಸಿ, 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರತಂದ ಅದೇ ಸಂಸ್ಥೆ 1828ರಿಂದಲೇ ಆಗಿನ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಕೆಲಸ ಮಾಡುತ್ತಿತ್ತು. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದರೆ, ಅದೇ ಮಿಷನ್ನಿನ ಕ್ರಿಸ್ಟಾಲರ್ ಅವರ, ಘಾನಾದ ಟ್ವಿ ಭಾಷೆಯ ನಿಘಂಟು 1881ರಲ್ಲೇ ಬಂದಿತ್ತು. ಟೆಟ್ಟೆ ಕ್ವಾರ್ಶಿ ಕಮ್ಮಾರಿಕೆ ಕಲಿತದ್ದೂ ಮಿಷನ್ನಿನ ಕಾರ್ಯಾಗಾರದಲ್ಲೇ.

ಆಮೇಲಿನ ಬೆಳವಣಿಗೆ ಬೆರಗುಗೊಳಿಸುವಂಥದ್ದು. ಬ್ರಿಟಿಷರು ಇಲ್ಲಿ ಅಸ್ಸಾಮಿನಂಥ ಎಸ್ಟೇಟುಗಳನ್ನು ಕಟ್ಟಲಿಲ್ಲ. ಸ್ಥಳೀಯ ರೈತರೇ ಗುಂಪು ಕಟ್ಟಿಕೊಂಡು, ಊರ ಮುಖ್ಯಸ್ಥರಿಂದ ಕಾಡುನೆಲ ಕೊಂಡು, ತೋಟ ಮಾಡುತ್ತ ಪಶ್ಚಿಮಕ್ಕೆ ಸರಿದರು. ಮೊದಲ ಬೀಜ ನೆಟ್ಟ ಮೂರೇ ದಶಕಗಳಲ್ಲಿ, 1911ರ ಹೊತ್ತಿಗೆ, ಗೋಲ್ಡ್ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ನಾಡಾಯಿತು. ಇಂದಿಗೂ ಎರಡೂ ದೇಶಗಳ ಕೋಕೋ ಬರುವುದು ಹೆಚ್ಚಾಗಿ ಎರಡರಿಂದ ನಾಲ್ಕು ಹೆಕ್ಟೇರಿನ ಸಣ್ಣ ತೋಟಗಳಿಂದ.

ಕಾಯಿಯಿಂದ ಚೀಲದವರೆಗೆ

ಕೋಕೋ ಮರದ ವಿಶೇಷವೆಂದರೆ ಹಲಸಿನ ಹಾಗೆ ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ ಕಾಯಿ ಬಿಡುತ್ತದೆ. ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡದಾದ ಹೂವುಗಳಿಗೆ ಪರಾಗ ಮುಟ್ಟಿಸುವುದು ಕೊಳೆತ ಎಲೆಗಳ ನಡುವೆ ಹುಟ್ಟುವ ಅತಿ ಸಣ್ಣ ನೊಣಗಳು. ಸಾವಿರಾರು ಹೂಗಳಲ್ಲಿ ಕಾಯಾಗುವುದು ಕೆಲವೇ. ಕಾಯಿ ಬಲಿಯಲು ಐದಾರು ತಿಂಗಳು ಬೇಕು. ಅಕ್ಟೋಬರಿನಿಂದ ಮಾರ್ಚ್‌ವರೆಗಿನದು ದೊಡ್ಡ ಫಸಲು. ಮಳೆಗಾಲದ ನಡುವೆ ಬರುವುದು ಸಣ್ಣದು.

ಕೊಯ್ಲಿನ ದಿನ ಹಣ್ಣಾದ ಹಳದಿ ಕಾಯಿಗಳನ್ನು ಕತ್ತಿಯಿಂದ ಕೊಯ್ದು ತೋಟದ ನಡುವೆ ರಾಶಿ ಹಾಕುತ್ತಾರೆ. ನೆರೆಹೊರೆಯವರು ಸರದಿಯಂತೆ ಒಬ್ಬರ ತೋಟಕ್ಕೊಬ್ಬರು ಬರುವ ಮುಯ್ಯಾಳಿನ ಪದ್ಧತಿ ಅಲ್ಲೂ ಇದೆ. ದಕ್ಷಿಣ ಘಾನಾದ ಅಕಾನ್ ಜನರ ಭಾಷೆಯಲ್ಲಿ ಅದಕ್ಕೆ ನ್ನೊಬೊವಾ ಎಂದು ಹೆಸರು. ರಾಶಿಯ ಸುತ್ತ ಕುಳಿತು, ಮರದ ಕೊಡತಿಯಿಂದ ಕಾಯಿ ಒಡೆದು, ಬಿಳಿ ಲೋಳೆಯಲ್ಲಿ ಹುದುಗಿದ 30–40 ಬೀಜಗಳನ್ನು ಬೆರಳಿನಿಂದ ಸೆಳೆದು ಬಾಳೆಎಲೆಯ ಮೇಲೆ ಸುರಿಯುತ್ತಾರೆ. ಆ ಗುಡ್ಡೆಯನ್ನು ಮತ್ತೆ ಬಾಳೆಎಲೆಯಿಂದಲೇ ಮುಚ್ಚಿ, ನಡುವೆ ಒಂದೆರಡು ಸಲ ಮಗುಚಿ, ಐದಾರು ದಿನ ಬಿಡುತ್ತಾರೆ. ಲೋಳೆ ಹುಳಿತು, ಕರಗಿ, ಸೋರಿ ಹೋಗುತ್ತದೆ; ಗುಡ್ಡೆಯೊಳಗೆ ಕೈ ಇಡಲಾಗದಷ್ಟು ಬಿಸಿ ಹುಟ್ಟುತ್ತದೆ; ಬೀಜದ ಮೊಳಕೆ ಸತ್ತು, ಒಳಗಿನ ನೇರಳೆ ಬಣ್ಣ ಕಂದಾಗುತ್ತದೆ. ಚಾಕೊಲೇಟಿನ ಪರಿಮಳಕ್ಕೆ ಬುನಾದಿ ಬೀಳುವುದು ಈ ಎಲೆಗಳ ಅಡಿಯಲ್ಲೇ. ಹಸಿ ಬೀಜವನ್ನು ಹಾಗೆಯೇ ಹುರಿದರೆ ಆ ಪರಿಮಳ ಬರುವುದಿಲ್ಲ.

ನಂತರ ನೆಲದಿಂದ ಎತ್ತರಿಸಿ ಕಟ್ಟಿದ ಬಿದಿರಿನ ಚಾಪೆಗಳ ಮೇಲೆ ಹರವಿ, ಮಳೆ ಬಂದರೆ ಸುರುಳಿ ಸುತ್ತಿ ಮುಚ್ಚುತ್ತ, ಒಂದು ವಾರದ ಮೇಲೆ ಒಣಗಿಸುತ್ತಾರೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಗಲಗಲ ಎನ್ನಬೇಕು. ಒಂದು ಕಿಲೋ ಒಣ ಬೀಜಕ್ಕೆ 20–25 ಕಾಯಿಗಳು ಬೇಕು. ಘಾನಾದ ಗೋಣಿಚೀಲದ ಲೆಕ್ಕ 64 ಕಿಲೋ. ಅಲ್ಲಿಯ ರೈತನ ಬಾಯಲ್ಲಿ ಬೆಲೆಯೆಂದರೆ ಚೀಲದ ಬೆಲೆ.

ಕಾಡು ಮುಗಿಯುವವರೆಗೆ

ಹೊಸದಾಗಿ ಕಡಿದ ಕಾಡಿನಲ್ಲಿ ನೆಟ್ಟ ಕೋಕೋಗೆ ಅನೇಕ ವರಗಳು ಉಚಿತವಾಗಿ ಸಿಗುತ್ತವೆ. ಶತಮಾನಗಳ ಎಲೆಗೊಬ್ಬರ ನೆಲದಲ್ಲಿರುತ್ತದೆ, ಕಳೆ ಕಡಿಮೆ, ರೋಗ ಇನ್ನೂ ಬಂದಿರುವುದಿಲ್ಲ, ಸುತ್ತಲ ಮರಗಳು ತೇವ ಕಾಯುತ್ತವೆ. ಇಪ್ಪತ್ತೈದು, ಮೂವತ್ತು ವರ್ಷ ಕಳೆದ ಮೇಲೆ ಮರ ಮುದಿಯಾಗುತ್ತದೆ, ನೆಲ ಸೊರಗುತ್ತದೆ. ಅದೇ ಜಾಗದಲ್ಲಿ ಮತ್ತೆ ನೆಟ್ಟು ಬೆಳೆಸಲು ಗೊಬ್ಬರ, ಔಷಧಿ, ಕೂಲಿ ಎಲ್ಲವೂ ಹೆಚ್ಚು ಬೇಕು. ಮುಂದೆ ಕಾಡು ಉಳಿದಿರುವವರೆಗೆ ಹಳೆಯ ತೋಟವನ್ನು ಬಿಟ್ಟು ಹೊಸ ಕಾಡಿಗೆ ಹೋಗುವುದೇ ಅಗ್ಗ. ಈ ಇಡೀ ಪ್ರದೇಶದ ಅರ್ಥವ್ಯವಸ್ಥೆಯನ್ನು ವಿವರಿಸಲು ಈ ಒಂದು ಲೆಕ್ಕಾಚಾರ ಬಹುಮಟ್ಟಿಗೆ ಸಾಕು ಎನ್ನಬಹುದು. ಘಾನಾದಲ್ಲಿ ಕೋಕೋ ಪೂರ್ವ ಪ್ರಾಂತ್ಯದಲ್ಲಿ ಶುರುವಾಗಿ, ಅಶಾಂಟಿಗೆ, ಅಲ್ಲಿಂದ ಬ್ರೋಂಗ್ ಅಹಾಫೋಗೆ, ಕೊನೆಗೆ ಐವರಿ ಕೋಸ್ಟ್ ಗಡಿಯ ವೆಸ್ಟರ್ನ್ ಪ್ರಾಂತ್ಯಕ್ಕೆ ಹಂತಹಂತವಾಗಿ ಸರಿಯಿತು. ಐವರಿ ಕೋಸ್ಟಿನಲ್ಲೂ ಅದು ಆಗ್ನೇಯದಿಂದ ನೈಋತ್ಯಕ್ಕೆ ನಡೆಯಿತು.

ಐವರಿ ಕೋಸ್ಟಿನಲ್ಲಿ ಈ ನಡಿಗೆಗೆ ವೇಗ ತಂದದ್ದು ರಾಜಕೀಯ. ಫ್ರೆಂಚ್ ಆಡಳಿತ ಯುರೋಪಿಯನ್ನರ ತೋಟಗಳಿಗೆ ಆಫ್ರಿಕನ್ನರನ್ನು ಬಿಟ್ಟಿ ದುಡಿಮೆಗೆ ಹಿಡಿಯುತ್ತಿತ್ತು. ಸ್ವತಃ ಕೋಕೋ ಬೆಳೆಗಾರರೂ ವೈದ್ಯರೂ ಆಗಿದ್ದ ಫೆಲಿಕ್ಸ್ ಉಫುವೆ-ಬ್ವಾನಿ ಫ್ರೆಂಚ್ ಸಂಸತ್ತಿನ ಸದಸ್ಯರಾಗಿ 1946ರಲ್ಲಿ ಆ ಪದ್ಧತಿಯನ್ನು ರದ್ದುಗೊಳಿಸುವ ಕಾನೂನನ್ನು ತಂದರು. 1960ರಲ್ಲಿ ದೇಶ ಸ್ವತಂತ್ರವಾದಾಗ ಅವರೇ ಅಧ್ಯಕ್ಷರಾಗಿ, 1993ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರದಲ್ಲಿದ್ದರು. ನೆಲವನ್ನು ಸಾಗುವಳಿ ಮಾಡಿದವನೇ ಅದರ ಒಡೆಯ ಎಂಬುದು ಅವರ ನೀತಿ. ಇದನ್ನು ನಂಬಿ ಉತ್ತರದ ಬುರ್ಕಿನಾ ಫಾಸೊ, ಮಾಲಿಗಳಿಂದ ಲಕ್ಷಾಂತರ ಜನ ಅಬಿಜಾನ್‌ ರೈಲು ಹಿಡಿದು ದಕ್ಷಿಣದ ಕಾಡಿಗೆ ಇಳಿದರು. ಕೋಕೋ ಹಣದಿಂದ ಅಬಿಜಾನ್ ನಗರದಲ್ಲಿ ಗಗನಚುಂಬಿಗಳೆದ್ದವು. ಅಧ್ಯಕ್ಷರ ಹುಟ್ಟೂರು ಯಾಮುಸೂಕ್ರೊ 1983ರಲ್ಲಿ ರಾಜಧಾನಿಯಾಯಿತು, ಅಲ್ಲಿ ಜಗತ್ತಿನ ಅತಿ ದೊಡ್ಡ ಚರ್ಚುಗಳಲ್ಲೊಂದು ಎದ್ದಿತು.

ಬೆಲೆ ಬಿದ್ದಾಗ ಈ ವ್ಯವಸ್ಥೆಯ ಬಿರುಕುಗಳು ಕಾಣಿಸಿಕೊಂಡವು. 1987ರಲ್ಲಿ ಉಫುವೆ-ಬ್ವಾನಿ ಬೆಲೆ ಏರಿಸಲೆಂದು ರಫ್ತನ್ನೇ ತಡೆಹಿಡಿದರು. ಜಗತ್ತಿನಲ್ಲಿ ಬೇರೆಡೆ ದಾಸ್ತಾನು ಸಾಕಷ್ಟಿದ್ದುದರಿಂದ ಪಟ್ಟು ಫಲಿಸದೆ, 1989ರಲ್ಲಿ ರೈತನಿಗೆ ಕೊಡುವ ಬೆಲೆಯನ್ನು ಅರ್ಧಕ್ಕೆ ಇಳಿಸಬೇಕಾಯಿತು. ಕಾಡು ತೆಳುವಾಗುತ್ತ ಬಂದಂತೆ ‘ಮೂಲನಿವಾಸಿ ಯಾರು, ವಲಸೆ ಬಂದವರು ಯಾರು’ ಎಂಬ ಜಗಳ ಬಲಿಯಿತು. 1998ರ ಕಾನೂನು ಗ್ರಾಮೀಣ ಭೂಮಿಯ ಒಡೆತನವನ್ನು ಐವರಿ ಕೋಸ್ಟಿನ ನಾಗರಿಕರಿಗೆ ಮಾತ್ರ ಸೀಮಿತಗೊಳಿಸಿತು. 2002ರಲ್ಲಿ ಹೊತ್ತಿದ ಅಂತರ್ಯುದ್ಧದ ಹಿಂದೆ ಬೇರೆ ಕಾರಣಗಳೂ ಇದ್ದವು, ಆದರೆ ನೆಲದ ಪ್ರಶ್ನೆ ಅದರ ತಿರುಳಿನಲ್ಲೇ ಇತ್ತು. 1960ರಲ್ಲಿದ್ದ ಕಾಡಿನಲ್ಲಿ ಇಂದು ಅಲ್ಲಿ ಉಳಿದಿರುವುದು ಸಣ್ಣ ಪಾಲು. ರಕ್ಷಿತಾರಣ್ಯಗಳೆಂದು ನಕ್ಷೆಯಲ್ಲಿ ಹಸಿರು ಬಳಿದಿರುವ ಹಲವು ಕಡೆಗಳಲ್ಲಿ ನಿಂತಿರುವುದೂ ಕೋಕೋ ಮರಗಳೇ.

ತೋಟ ಯಾರದು, ಪಾಲು ಯಾರಿಗೆ

ದಕ್ಷಿಣ ಘಾನಾದ ಅಶಾಂಟಿ, ಫಾಂಟಿ, ಅಕ್ಯೆಮ್ ಮೊದಲಾದ ಜನರೂ ಐವರಿ ಕೋಸ್ಟಿನ ಬಾವುಲೆಗಳೂ ಅಕಾನ್ ಎಂಬ ದೊಡ್ಡ ಸಮೂಹಕ್ಕೆ ಸೇರಿದವರು. ಘಾನಾದ ಅಕಾನರಲ್ಲಿ ಕುಲ ಸಾಗುವುದು ತಾಯಿಯ ಕಡೆಯಿಂದ. ತುಳುನಾಡಿನ ಅಳಿಯಸಂತಾನ ಕಟ್ಟನ್ನು ಬಲ್ಲ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಗಂಡಸಿನ ಆಸ್ತಿ ಅವನ ಮಕ್ಕಳಿಗೆ ಹೋಗದೆ, ಅವನ ತಾಯಿಯ ಕುಲಕ್ಕೆ, ಸಾಮಾನ್ಯವಾಗಿ ತಮ್ಮನಿಗೋ ಸೋದರಳಿಯನಿಗೋ ಹೋಗುತ್ತಿತ್ತು. ಊರಿನ ಮುಖ್ಯಸ್ಥನನ್ನು ಸೂಚಿಸುವ ಅಧಿಕಾರ ರಾಜಮಾತೆಯದು.

ಆಹಾರದ ಬೆಳೆಯಿದ್ದ ಕಾಲದಲ್ಲಿ ಇದರಿಂದ ದೊಡ್ಡ ತೊಡಕಿರಲಿಲ್ಲ. ಕೋಕೋ ಬಂದಮೇಲೆ ತೋಟವೆಂಬುದು ದಶಕಗಳ ಕಾಲ ಹಣ ಕೊಡುವ ಆಸ್ತಿಯಾಯಿತು. ಹೆಂಡತಿ, ಮಕ್ಕಳು ಗಂಡನ ಜೊತೆ ಹದಿನೈದು ವರ್ಷ ದುಡಿದು ಬೆಳೆಸಿದ ತೋಟ ಅವನು ಸತ್ತ ಮರುದಿನ ಅಳಿಯನ ಕೈಗೆ ಹೋಗುವುದನ್ನು ಕಂಡು ಮನೆಮನೆಗಳಲ್ಲಿ ವ್ಯಾಜ್ಯಗಳೆದ್ದವು. ಬದುಕಿರುವಾಗಲೇ ಸಾಕ್ಷಿಗಳೆದುರು ಹೆಂಡತಿಗೆ ತೋಟದ ಭಾಗ ದಾನ ಮಾಡುವ ರೂಢಿ ಬೆಳೆಯಿತು. 1985ರ ಕಾನೂನು, ಉಯಿಲು ಬರೆಯದೆ ಸತ್ತವನ ಆಸ್ತಿಯ ಹೆಚ್ಚಿನ ಭಾಗ ಹೆಂಡತಿ-ಮಕ್ಕಳಿಗೆ ಸೇರಬೇಕೆಂದಿತು. ಹಳ್ಳಿಗಳಲ್ಲಿ ಕಾನೂನಿಗೂ ರೂಢಿಗೂ ತಿಕ್ಕಾಟ ಇನ್ನೂ ನಿಂತಿಲ್ಲ.

ಒಡೆಯನೇ ಎಲ್ಲೆಡೆ ತೋಟದಲ್ಲಿರುವುದೂ ಇಲ್ಲ. ಉತ್ತರದ ಸವನ್ನಾದಿಂದ ಬಂದವರು ತೋಟವನ್ನು ಪಾಲಿಗೆ ಮಾಡುತ್ತಾರೆ. ಬೆಳೆದು ನಿಂತ ತೋಟವನ್ನು ನೋಡಿಕೊಳ್ಳುವವನಿಗೆ ಫಸಲಿನ ಮೂರನೇ ಒಂದು ಪಾಲು, ಇದು ಅಬುಸಾ. ಬರಿಯ ನೆಲದಲ್ಲಿ ಸಸಿ ನೆಟ್ಟು ತೋಟ ಎಬ್ಬಿಸಿಕೊಟ್ಟವನಿಗೆ ಅರ್ಧ, ಇದು ಅಬುನು. ಕೂಲಿಗೆ ಹಣವಿಲ್ಲದ ಕಡೆ ಮನೆಯ ಮಕ್ಕಳೂ ಕತ್ತಿ ಹಿಡಿಯುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ ಎರಡು ದೇಶಗಳಲ್ಲಿ ಸುಮಾರು 15.6 ಲಕ್ಷ ಮಕ್ಕಳು ಕೋಕೋ ಕೆಲಸದಲ್ಲಿ ಬಾಲಕಾರ್ಮಿಕರಾಗಿದ್ದರು. ಇವರಲ್ಲಿ ಬಹುಪಾಲು ತಂದೆತಾಯಿಯ ಅಥವಾ ಬಂಧುಗಳ ತೋಟದಲ್ಲೇ ದುಡಿಯುವವರು.

ಕೋಕೋ ಹಣ ಹರಿದ ದಾರಿಗಳನ್ನು ಊರಿನ ಬದುಕಿನಲ್ಲಿ ಗುರುತಿಸಬಹುದು. ತಗಡಿನ ಮಾಡು, ಮಕ್ಕಳ ಶಾಲೆಯ ಶುಲ್ಕ, ಅಶಾಂಟಿಯ ಮುಖ್ಯ ನಗರ ಕುಮಾಸಿ ಬಳಿಯ ಬೊನ್ವಿರೆಯ ನೇಕಾರರಿಂದ ಕೊಂಡ ಕೆಂಟೆ ಬಟ್ಟೆ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಶವಸಂಸ್ಕಾರ. ಅಕಾನರಲ್ಲಿ ಸಾವಿನ ಸಮಾರಂಭ ಮದುವೆಗಿಂತ ದೊಡ್ಡದು. ಶನಿವಾರಗಳಂದು ಕಪ್ಪು-ಕೆಂಪು ಬಟ್ಟೆ ತೊಟ್ಟ ನೂರಾರು ಜನ ಸೇರುತ್ತಾರೆ; ಯಾರು ಎಷ್ಟು ಕೊಟ್ಟರೆಂಬುದನ್ನು ಧ್ವನಿವರ್ಧಕದಲ್ಲಿ ಹೇಳುವುದೂ ಉಂಟು. ಕುಮಾಸಿಯ ಕೆಜೆಟಿಯಾ ಮಾರುಕಟ್ಟೆಯಲ್ಲಿ ಟೊಮೆಟೊಗೊಬ್ಬ, ಗೆಣಸಿಗೊಬ್ಬ ‘ರಾಣಿ’ ಇದ್ದು, ಆ ಸರಕಿನ ವ್ಯಾಪಾರಿ ಹೆಂಗಸರ ತಂಟೆ-ತಕರಾರು ತೀರ್ಮಾನವಾಗುವುದು ಅವಳ ಮುಂದೆ. ಊಟಕ್ಕೆ ಘಾನಾದಲ್ಲಿ ಬೇಯಿಸಿದ ಮರಗೆಣಸು, ಬಾಳೆಕಾಯಿಗಳನ್ನು ಒರಳಲ್ಲಿ ಕುಟ್ಟಿ ಮುದ್ದೆ ಮಾಡಿ, ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವ ಫುಫು; ಐವರಿ ಕೋಸ್ಟಿನಲ್ಲಿ ಮರಗೆಣಸನ್ನೇ ತುರಿದು ಹುಳಿಸಿ ರವೆಯಾಗಿ ಬೇಯಿಸಿದ ಅತ್ತಿಯೆಕೆ. ಕೆಂಟೆ ಮತ್ತು ಅತ್ತಿಯೆಕೆ ಎರಡೂ 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಈ ಊಟದಲ್ಲಿ ಚಾಕೊಲೇಟಿಗೆ ಹೇಳಿಕೊಳ್ಳುವ ಜಾಗವಿಲ್ಲ. ಫೆಬ್ರವರಿ 14ನ್ನು ಘಾನಾ ಸರ್ಕಾರ ರಾಷ್ಟ್ರೀಯ ಚಾಕೊಲೇಟ್ ದಿನವೆಂದು ಆಚರಿಸುತ್ತಿರುವುದು ಜನರಿಗೆ ತಾವೇ ಬೆಳೆದದ್ದರ ರುಚಿ ಹತ್ತಿಸಲೆಂದು.

ಬೆಲೆ ಕಟ್ಟುವವರು

1937ರಲ್ಲಿ ಯುರೋಪಿನ ಖರೀದಿ ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ಬೆಲೆ ಇಳಿಸಿದಾಗ ಗೋಲ್ಡ್ ಕೋಸ್ಟಿನ ರೈತರೂ ಊರ ಮುಖ್ಯಸ್ಥರೂ ಒಂದಾಗಿ, ತಿಂಗಳುಗಟ್ಟಲೆ ಕೋಕೋ ಮಾರದೆ, ಯುರೋಪಿನ ಸಾಮಾನು ಕೊಳ್ಳದೆ ಹಟ ಹಿಡಿದರು. ಆ ಬಿಕ್ಕಟ್ಟಿನ ನಂತರ ಸರ್ಕಾರವೇ ಕೊಳ್ಳುವ ವ್ಯವಸ್ಥೆ ಬಂತು. 1947ರಲ್ಲಿ ಸ್ಥಾಪನೆಯಾದ ಮಂಡಳಿಯ ಇಂದಿನ ರೂಪವೇ ಘಾನಾದ ಕೋಕೋಬೋಡ್. ಐವರಿ ಕೋಸ್ಟ್ ತನ್ನ ಹಳೆಯ ಮಂಡಳಿಯನ್ನು 1999ರಲ್ಲಿ ಮುಚ್ಚಿ, ಮಾರುಕಟ್ಟೆಗೆ ಬಿಟ್ಟು ನೋಡಿ, 2012ರ ಹೊತ್ತಿಗೆ ಮತ್ತೆ ಸರ್ಕಾರಿ ನಿಯಂತ್ರಣಕ್ಕೆ ಮರಳಿತು.

ಈ ಮಂಡಳಿಗಳು ಬರುವ ವರ್ಷದ ಫಸಲಿನ ಬಹುಪಾಲನ್ನು ಒಂದು ವರ್ಷ ಮೊದಲೇ ವಿದೇಶಿ ಕಂಪನಿಗಳಿಗೆ ಒಪ್ಪಂದದ ಮೇಲೆ ಮಾರಿ, ಸಿಕ್ಕ ಸರಾಸರಿ ಬೆಲೆಯನ್ನು ನೋಡಿಕೊಂಡು ಹಂಗಾಮಿನ ಆರಂಭದಲ್ಲಿ ರೈತನ ಬೆಲೆಯನ್ನು ಘೋಷಿಸುತ್ತವೆ. ಮಾವು ಹೂ ಬಿಟ್ಟಾಗಲೇ ತೋಪನ್ನು ಗುತ್ತಿಗೆಗೆ ಕೊಟ್ಟ ಕೋಲಾರದ ರೈತನ ಸ್ಥಿತಿ ಇದು: ಹಣ್ಣಿನ ಬೆಲೆ ಬಿದ್ದರೂ ಅವನಿಗೆ ಚಿಂತೆಯಿಲ್ಲ, ಏರಿದರೂ ಲಾಭವಿಲ್ಲ. 2024ರಲ್ಲಿ ಆದದ್ದು ಎರಡನೆಯದು. ನ್ಯೂಯಾರ್ಕಿನಲ್ಲಿ ಬೆಲೆ ನಾಲ್ಕು ಪಟ್ಟಾಗಿದ್ದಾಗ ಐವರಿ ಕೋಸ್ಟಿನ ರೈತನಿಗೆ ಸಿಗುತ್ತಿದ್ದದ್ದು ಅಲ್ಲಿಯ ನಾಣ್ಯದಲ್ಲಿ ಕಿಲೋಗೆ 1,000 ಸಿಎಫ್‌ಎ ಫ್ರಾಂಕ್. ಏಪ್ರಿಲಿನಲ್ಲಿ ಅದು 1,500ಕ್ಕೆ, ಅಕ್ಟೋಬರಿನಲ್ಲಿ 1,800ಕ್ಕೆ ಏರಿತು. ಒಂದು ಯುರೋಗೆ ಸುಮಾರು 656 ಫ್ರಾಂಕ್ ಎಂಬ ಲೆಕ್ಕ ಹಿಡಿದರೆ 1,800 ಫ್ರಾಂಕ್ ಮೂರು ಯುರೋಗಿಂತ ಕಡಿಮೆ.

ಮಂಡಳಿಯಿಲ್ಲದ ಕರ್ನಾಟಕದಲ್ಲಿ ಚಿತ್ರ ತಿರುವುಮುರುವು. ಪುತ್ತೂರಿನ ಬೆಳೆಗಾರನಿಗೆ ಜಾಗತಿಕ ಬೆಲೆಯೇರಿಕೆ ವಾರಗಳಲ್ಲಿ ಮುಟ್ಟಿತು, ಇಳಿಕೆಯೂ ಅಷ್ಟೇ ಬೇಗ ತಟ್ಟಿತು. 1980ರ ಸುಮಾರಿಗೆ ಹೀಗೆಯೇ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ, 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕೋಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರುವಾಯಿತು.

ಎರಡು ದೇಶಗಳ ನಾಣ್ಯ ಬೇರೆಯಾಗಿರುವುದೂ ಒಂದು ತಲೆನೋವು. ಐವರಿ ಕೋಸ್ಟಿನ ಸಿಎಫ್‌ಎ ಫ್ರಾಂಕ್ ಯುರೋಗೆ ಕಟ್ಟಿಹಾಕಿದ್ದು, ಅದರ ಬೆಲೆ ಅಲುಗಾಡುವುದಿಲ್ಲ. ಘಾನಾದ ಸೆಡಿ 2022ರಲ್ಲಿ ಕುಸಿದು, ಆ ವರ್ಷದ ಡಿಸೆಂಬರಿನಲ್ಲಿ ದೇಶ ವಿದೇಶಿ ಸಾಲದ ಮರುಪಾವತಿಯನ್ನೇ ನಿಲ್ಲಿಸಿತು. ಸೆಡಿಯಲ್ಲಿ ಸಿಗುವ ಬೆಲೆಗಿಂತ ಗಡಿಯಾಚೆ ಹೆಚ್ಚು ಸಿಕ್ಕಾಗ ಚೀಲಗಳು ರಾತ್ರಿ ಹೊತ್ತು ಕಾಡುದಾರಿಯಲ್ಲಿ ಐವರಿ ಕೋಸ್ಟಿಗೋ ಟೋಗೊಗೋ ದಾಟುತ್ತವೆ.

ಮೂರು ಪೆಟ್ಟು ಒಟ್ಟಿಗೆ

ಘಾನಾ 2020–21ರಲ್ಲಿ ಹತ್ತು ಲಕ್ಷ ಟನ್ನಿಗಿಂತ ಹೆಚ್ಚು ಕೋಕೋ ಬೆಳೆದಿತ್ತು. 2023–24ರಲ್ಲಿ ಸಿಕ್ಕಿದ್ದು ಅದರ ಸುಮಾರು ಅರ್ಧ. 2023ರ ಅತಿ ಮಳೆಗೆ ಕಪ್ಪುಕಾಯಿ ರೋಗ ಹಬ್ಬಿತು. ಇದನ್ನು ತರುವ ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿಯ ಬಂಧುವೇ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದು; ಮಳೆ ಬಿಡದೆ ಹೊಯ್ದಾಗ ಔಷಧಿ ಹೊಡೆಯಲಾಗದೆ ಕಾಯಿ ಉದುರುವುದನ್ನು ನೋಡುತ್ತ ನಿಲ್ಲುವ ಸಂಕಟ ಎರಡೂ ಕಡೆ ಒಂದೇ. ಅದರ ಬೆನ್ನಿಗೆ ಎಲ್ ನಿನೊ ವರ್ಷದ ಒಣ ಹವೆ ಬಂತು.

ಎರಡನೆಯ ಪೆಟ್ಟು ನಿಧಾನದ್ದು. 1930ರ ದಶಕದಲ್ಲಿ ಘಾನಾದಲ್ಲಿ ಮೊದಲು ಗುರುತಿಸಿದ ಕುಡಿಯೂತ ರೋಗಕ್ಕೆ ಕಾರಣ ಹಿಟ್ಟು ತಿಗಣೆಗಳು ಹರಡುವ ವೈರಸ್. ಚಿಗುರು ಊದಿಕೊಂಡು, ಎಲೆಯ ನರ ಕೆಂಪಾಗಿ, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಮದ್ದಿಲ್ಲ, ಮರವನ್ನೂ ಅಕ್ಕಪಕ್ಕದವನ್ನೂ ಕಡಿದು ಹೊಸದಾಗಿ ನೆಡಬೇಕು, ಫಸಲಿಗೆ ಮೂರು-ನಾಲ್ಕು ವರ್ಷ ಕಾಯಬೇಕು. ಕಾಯುವ ಶಕ್ತಿಯಿಲ್ಲದ ರೈತ ರೋಗದ ಮರವನ್ನು ಸಾಯುವವರೆಗೂ ಉಳಿಸಿಕೊಳ್ಳುತ್ತಾನೆ, ರೋಗ ಮುಂದಿನ ತೋಟಕ್ಕೆ ದಾಟುತ್ತದೆ. ಗಡಿಯ ವೆಸ್ಟರ್ನ್ ನಾರ್ತ್ ಪ್ರಾಂತ್ಯದಲ್ಲಿ ಬಹುಪಾಲು ಕೋಕೋ ನೆಲಕ್ಕೆ ಇದು ತಗುಲಿದೆ.

ಮೂರನೆಯದು ಚಿನ್ನ. ಗಲಾಮ್ಸೆ ಎಂದು ಕರೆಯುವ ಅಕ್ರಮ ಗಣಿಗಾರಿಕೆಯವರು ತೋಟವನ್ನು ಒಮ್ಮೆಲೇ ಕೊಂಡು, ಮಣ್ಣು ಅಗೆದು, ಪಾದರಸ ಬೆರೆಸಿ ಚಿನ್ನ ತೆಗೆಯುತ್ತಾರೆ. ಪ್ರಾ, ಅಂಕೊಬ್ರಾ ನದಿಗಳ ನೀರು ಕೆಸರಿನ ಬಣ್ಣಕ್ಕೆ ತಿರುಗಿದೆ. ಮುದಿ ಮರ, ರೋಗ, ವರ್ಷಗಳಿಂದ ಕಡಿಮೆ ಬೆಲೆ ಇವುಗಳ ನಡುವೆ ಒಬ್ಬ ರೈತ ತೋಟ ಮಾರಿದರೆ ಅವನನ್ನು ದೂರುವುದು ಸುಲಭವಲ್ಲ. ಅಗೆದ ಹೊಂಡದಲ್ಲಿ ಮತ್ತೆ ಕೋಕೋ ಬೆಳೆಯುವುದಂತೂ ಆಗದ ಮಾತು.

ಪಟ್ಟಿ ಮುಂದೆ ಎಲ್ಲಿಗೆ ಸರಿಯುತ್ತದೆ

ಒಂದು ಶತಮಾನದಿಂದ ಕೋಕೋವನ್ನು ಅಗ್ಗವಾಗಿ ಇಟ್ಟಿದ್ದು ಮುಂದೆ ಇನ್ನೂ ಕಾಡಿದೆ ಎಂಬ ಸ್ಥಿತಿ. ಆ ಕಾಡು ಈ ಎರಡು ದೇಶಗಳಲ್ಲಿ ಬಹುಮಟ್ಟಿಗೆ ಮುಗಿದಿದೆ. 2020ರ ಕೊನೆಯ ನಂತರ ಕಡಿದ ಕಾಡಿನ ಕೋಕೋ ತನ್ನ ಮಾರುಕಟ್ಟೆಗೆ ಬರಬಾರದೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿಯ ದಿನವನ್ನು ಅದು ಮುಂದೂಡುತ್ತ ಬಂದಿದ್ದರೂ ಎರಡೂ ದೇಶಗಳು ಪ್ರತಿ ತೋಟದ ಗಡಿಯನ್ನು ಉಪಗ್ರಹದ ನೆರವಿನಿಂದ ಗುರುತಿಸಿ, ರೈತರಿಗೆ ಗುರುತಿನ ಚೀಟಿ ಕೊಡುವ ಕೆಲಸ ನಡೆಸಿವೆ. ರೈತನಿಗೆ ಬದುಕಲು ಸಾಕಾಗುವಷ್ಟು ಆದಾಯ ಸಿಗಬೇಕೆಂದು ಅವು ಟನ್ನಿಗೆ 400 ಡಾಲರಿನ ಹೆಚ್ಚುವರಿ ಶುಲ್ಕವನ್ನು 2020–21ರ ಹಂಗಾಮಿನಿಂದ ಕೊಳ್ಳುವವರ ಮೇಲೆ ಹಾಕಿದವು; ಕೊಳ್ಳುವವರು ಬೇರೆ ರಿಯಾಯಿತಿಗಳ ರೂಪದಲ್ಲಿ ಅದರಲ್ಲೊಂದಷ್ಟನ್ನು ಹಿಂದಕ್ಕೆ ಪಡೆದರೆಂಬ ದೂರು ಇದೆ.

ಇತ್ತ ದಕ್ಷಿಣ ಅಮೆರಿಕದ ಎಕ್ವಡಾರ್, ಮಂಡಳಿಯಿಲ್ಲದೆ, ಜಾಗತಿಕ ಬೆಲೆಯನ್ನು ನೇರವಾಗಿ ರೈತನಿಗೆ ಮುಟ್ಟಿಸುತ್ತ, ಹೆಚ್ಚು ಇಳುವರಿಯ ತಳಿ ಮತ್ತು ನೀರಾವರಿಯಿಂದ ಘಾನಾಕ್ಕೆ ಸರಿಸಾಟಿಯಾಗಿ ಬೆಳೆದು ನಿಂತಿದೆ. ಐವರಿ ಕೋಸ್ಟಿನ ಪಶ್ಚಿಮದ ಗಡಿಯಲ್ಲಿ ಇನ್ನೊಂದು ಚಲನೆ ಕಾಣುತ್ತಿದೆ. ಅಲ್ಲಿಯ ತೋಟಗಳಲ್ಲಿ ದುಡಿದ ಬುರ್ಕಿನಾ ಫಾಸೊ ಮೂಲದ ಕುಟುಂಬಗಳು ಗಡಿ ದಾಟಿ, ಲೈಬೀರಿಯಾದ ಆಗ್ನೇಯ ಜಿಲ್ಲೆಗಳ ಮಳೆಕಾಡಿನಲ್ಲಿ ಸ್ಥಳೀಯರೊಡನೆ ಪಾಲಿನ ಕರಾರು ಮಾಡಿಕೊಂಡು, ಕಾಡು ಸವರಿ, ಬಾಳೆಯ ನೆರಳಿನಲ್ಲಿ ಕೋಕೋ ಸಸಿ ನೆಡುತ್ತಿವೆ.